ಹುನಗುಂದದ ಗುಡ್ಡಕ್ಕೆ ಪಟ್ಟಿ ಪಟ್ಟಿ ಕಬ್ಬಿಣ ಬಂದದ್ದು ಎಲ್ಲಿಂದ?

ನಮಸ್ಕಾರ! ಬಾಗಲಕೋಟೆ ಜಿಲ್ಲೆಯ ವೀಕ್ಷಕರೊಬ್ಬರು ಒಂದು ಫೋಟೋ ಕಳಿಸಿದ್ದಾರೆ. ಹುನಗುಂದ ಕಡೆಯ ಗುಡ್ಡದ ಕಲ್ಲು. ಒಂದು ಪಟ್ಟಿ ಕಪ್ಪು, ಒಂದು ಕೆಂಪು, ನಡುವೆ ಬಿಳಿ. "ಸರ್, ಇಷ್ಟು ಸಾಲಾಗಿ ಹೇಗೆ ಬಂತು?" ಅಂತ ಕೇಳಿದ್ದಾರೆ.

(ಪರದೆ ಮೇಲೆ: ಕಲ್ಲಿನ ಫೋಟೋ)

ಬೇಗ ಹೇಳಿಬಿಡುತ್ತೇನೆ. ಕಪ್ಪು, ಕೆಂಪು ಪಟ್ಟಿ ಕಬ್ಬಿಣದ ಆಕ್ಸೈಡ್, ಅಂದರೆ ಕಬ್ಬಿಣಕ್ಕೆ ಆಕ್ಸಿಜನ್ ಸೇರಿ ಆದದ್ದು. ಬಿಳಿಯದು ಸಿಲಿಕಾ, ಬೆಣಚುಕಲ್ಲಿನ ಜಾತಿ. ವಯಸ್ಸು 250 ಕೋಟಿ ವರ್ಷಕ್ಕಿಂತ ಜಾಸ್ತಿ. ಹುಟ್ಟಿದ್ದು ಸಮುದ್ರದ ತಳದಲ್ಲಿ.

ಸಮುದ್ರಕ್ಕೆ ಇಷ್ಟು ಕಬ್ಬಿಣ ಹೇಗೆ ಬಂತು? ಹೊಲದ ಬೋರ್ ನೀರು ನೋಡಿ. ಕೆಲವು ಬೋರಿನ ನೀರು ಬರುವಾಗ ತಿಳಿಯಾಗಿರುತ್ತದೆ. ಕೊಡದಲ್ಲಿ ತುಂಬಿಟ್ಟು ಮರುದಿನ ನೋಡಿದರೆ ತಳದಲ್ಲಿ ಕೆಂಪು ಗಸಿ! ಯಾರೂ ಏನೂ ಹಾಕಿಲ್ಲ, ಅಲ್ವಾ? ಕಬ್ಬಿಣ ಮೊದಲೇ ನೀರಿನಲ್ಲಿತ್ತು. ನೆಲದಾಳದಲ್ಲಿ ಆಕ್ಸಿಜನ್ ಇಲ್ಲ, ಹಾಗಾಗಿ ಕರಗಿಕೊಂಡು ಕಣ್ಣಿಗೆ ಕಾಣದೆ ಇತ್ತು. ಗಾಳಿ ತಗುಲಿತು, ಕಬ್ಬಿಣದ ಪ್ರತಿ ಕಣ ಒಂದೊಂದು ಎಲೆಕ್ಟ್ರಾನ್ ಕಳೆದುಕೊಂಡಿತು. ಅಷ್ಟೇ. ಇನ್ನು ಕರಗಿರಲು ಆಗುವುದಿಲ್ಲ, ತುಕ್ಕಾಗಿ ಕೆಳಗೆ ಕೂರುತ್ತದೆ.

ಹಳೆಯ ಸಮುದ್ರದ ತುಂಬ ಇಂಥದ್ದೇ ನೀರು. ಗಾಳಿಯಲ್ಲಿ ಆಕ್ಸಿಜನ್ ಇರಲೇ ಇಲ್ಲ ಅನ್ನಬಹುದು. ತಳದ ಬಿಸಿನೀರಿನ ಬುಗ್ಗೆಗಳು ಉಗುಳಿದ ಕಬ್ಬಿಣ ಕರಗಿ ಎಲ್ಲ ಕಡೆ ಹರಡಿತ್ತು.

ಹಾಗಾದರೆ ಅದನ್ನು ತುಕ್ಕು ಮಾಡಿದ್ದು ಯಾರು? ಹಳೆಯ ಉತ್ತರ ಸೈನೊಬ್ಯಾಕ್ಟೀರಿಯಾ, ಅಂದರೆ ಗಿಡಗಳ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು. ಅವು ಆಕ್ಸಿಜನ್ ಬಿಟ್ಟವು, ಕಬ್ಬಿಣ ಗಟ್ಟಿಯಾಯಿತು. ಆದರೆ ಗ್ರೀನ್‌ಲ್ಯಾಂಡ್‌ನ ಇಸುವಾದಲ್ಲಿ 370 ಕೋಟಿ ವರ್ಷದ ಪಟ್ಟಿಕಲ್ಲಿದೆ. ಗಾಳಿಗೆ ಆಕ್ಸಿಜನ್ ತುಂಬಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಲೆಕ್ಕ ಕೂಡುವುದಿಲ್ಲ! 1993ರಲ್ಲಿ ಇನ್ನೊಂದು ಉತ್ತರ ಸಿಕ್ಕಿತು. ಜರ್ಮನಿಯ ಸೂಕ್ಷ್ಮಜೀವಿ ವಿಜ್ಞಾನಿ ಫ್ರೀಡ್ರಿಶ್ ವಿಡ್ಡೆಲ್ ಮತ್ತು ಜೊತೆಗಾರರು ಹೊಸ ಬಗೆಯ ಬ್ಯಾಕ್ಟೀರಿಯಾ ತೋರಿಸಿದರು. ಅವಕ್ಕೆ ಆಕ್ಸಿಜನ್ ಬೇಕೇ ಇಲ್ಲ. ಬಿಸಿಲು ಇದ್ದರೆ ಕರಗಿದ ಕಬ್ಬಿಣದಿಂದಲೇ ಎಲೆಕ್ಟ್ರಾನ್ ಕಿತ್ತುಕೊಂಡು ಬದುಕುತ್ತವೆ. ಹಿಂದೆ ಉಳಿಯುವುದು ತುಕ್ಕು. ಅತಿ ಹಳೆಯ ಪಟ್ಟಿಕಲ್ಲಿಗೆ ಈ ಉತ್ತರವೇ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ ನನಗೆ.

ಟೈಮ್ ಆಗುತ್ತಿದೆ, ಉಳಿದದ್ದು ಒಟ್ಟಿಗೆ. ಬಿಳಿ ಪಟ್ಟಿ ಯಾಕೆ? ಸಿಲಿಕಾ ಬಳಸಿ ಚಿಪ್ಪು ಕಟ್ಟುವ ಜೀವಿಗಳು ಆಗ ಇರಲಿಲ್ಲ, ಅದು ಸುಮ್ನೆ ತಳಕ್ಕೆ ಇಳಿಯಿತು. ಎರಡೂ ಸರದಿಯಂತೆ ಬಿದ್ದದ್ದು ಯಾಕೆ ಅನ್ನುವುದಕ್ಕೆ ವಿಜ್ಞಾನಿಗಳಲ್ಲಿ ಇನ್ನೂ ಜಗಳವಿದೆ. ಸುಮಾರು 180 ಕೋಟಿ ವರ್ಷದ ಹಿಂದೆ ಇಂಥ ಕಲ್ಲು ಹೆಚ್ಚುಕಡಿಮೆ ನಿಂತೇಹೋಯಿತು. 70 ಕೋಟಿ ವರ್ಷದ ಹಿಂದೆ, ಭೂಮಿ ಹಿಮದಲ್ಲಿ ಮುಚ್ಚಿದ್ದಾಗ, ಸ್ವಲ್ಪ ಮರಳಿ ಬಂತು.

ನಿಮ್ಮ ಕಲ್ಲಿಗೆ ಮ್ಯಾಗ್ನೆಟ್ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಮ್ಯಾಗ್ನಟೈಟ್ ಅನ್ನುವ ಕಪ್ಪು ಕಬ್ಬಿಣದ ಆಕ್ಸೈಡ್ ಇದೆ. ಅಂಟದಿದ್ದರೆ ಬಿಳಿ ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿ. ಕೆಂಪು ಗೆರೆ ಬಿದ್ದರೆ ಹೆಮಟೈಟ್, ಅದು ಇನ್ನೊಂದು ಬಗೆಯ ಕಬ್ಬಿಣದ ಆಕ್ಸೈಡ್. ಏನು ಬಂತು ಅಂತ ಕಮೆಂಟಿನಲ್ಲಿ ಬರೆಯಿರಿ.