ಮೂಲ ತೆರೆದು ಓದಿ, ಆಮೇಲೆ ಉಲ್ಲೇಖಿಸಿ

ಕೇಳುಗರಿಗೆ ನಮಸ್ಕಾರ. ಪ್ರಬಂಧ, ಪ್ರಾಜೆಕ್ಟ್ ವರದಿ ಬರೆಯುತ್ತಿರುವ ವಿದ್ಯಾರ್ಥಿಗಳೇ, ನಿಮಗೆ ಒಂದೇ ಮಾತು: ತೆರೆದು ಓದಿದ್ದನ್ನು ಮಾತ್ರ ಉಲ್ಲೇಖಿಸಿ.

ಯಾಕೆ ಅಂತೀರಾ? ಕೇಳಿ. 1980ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪೋರ್ಟರ್ ಮತ್ತು ಜಿಕ್ ಬರೆದ ಪುಟ್ಟ ಪತ್ರವೊಂದು ಬಂತು. ಐದೇ ವಾಕ್ಯ. ಆಸ್ಪತ್ರೆಯಲ್ಲಿದ್ದು ಅಫೀಮಿನ ಬಗೆಯ ನೋವಿನ ಔಷಧ ಪಡೆದ 11,882 ರೋಗಿಗಳಲ್ಲಿ, ಮೊದಲು ಚಟವಿರದಿದ್ದವರ ಪೈಕಿ ನಾಲ್ವರಿಗಷ್ಟೇ ಚಟ ಹತ್ತಿದ್ದು ಕಂಡುಬಂದಿದೆ ಎಂದು ಅದರಲ್ಲಿತ್ತು. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಸುದ್ದಿಯೇ ಅಲ್ಲಿಲ್ಲ. ಮುಂದೆ ಏನಾಯಿತೆಂದು ಅದೇ ಪತ್ರಿಕೆಯಲ್ಲಿ 2017ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು. ಆ ಪತ್ರವನ್ನು ಉಲ್ಲೇಖಿಸಿದ್ದ ಬರಹಗಳು 608. ಅವುಗಳಲ್ಲಿ 439, ಚಟ ಹತ್ತುವುದು ಅಪರೂಪ ಎನ್ನುವುದಕ್ಕೆ ಇದನ್ನೇ ಪುರಾವೆ ಮಾಡಿಕೊಂಡಿದ್ದವು. ನೂರಕ್ಕೆ ಎಂಬತ್ತರಷ್ಟು ಬರಹಗಳಲ್ಲಿ, ಅವರು ಆಸ್ಪತ್ರೆಯಲ್ಲಿದ್ದ ರೋಗಿಗಳು ಎಂಬ ಮಾತೇ ಇರಲಿಲ್ಲ! ಉತ್ತರ ಅಮೆರಿಕದಲ್ಲಿ ಆ ಔಷಧಗಳ ಚಟ ಹಬ್ಬಲು ಇಂಥ ಉಲ್ಲೇಖಗಳೂ ಕಾರಣವಾದವು ಎಂದು ಆ ಸಂಶೋಧಕರು ಬರೆದರು. ಐದು ವಾಕ್ಯ ಓದಲು ಎಷ್ಟು ಹೊತ್ತು ಬೇಕು, ಹೇಳಿ?

ಮೂಲ ಕೈಗೆ ಸಿಗದಿದ್ದರೆ ‘ಇಂಥವರ ಲೇಖನದಲ್ಲಿ ಉಲ್ಲೇಖವಾದಂತೆ’ ಎಂದು ಬರೆದು, ನೀವು ಓದಿದ ಲೇಖನವನ್ನೇ ಆಕರಪಟ್ಟಿಗೆ ಸೇರಿಸಿ.

ಪಟ್ಟಿಯಲ್ಲಿ ಲೇಖಕರು, ವರ್ಷ, ಶೀರ್ಷಿಕೆ, ಪತ್ರಿಕೆ, ಸಂಪುಟ, ಸಂಚಿಕೆ, ಪುಟ ಬರಲಿ. ಕೊನೆಗೆ ಡಿಒಐ, ಅಂದರೆ ಆ ಲೇಖನದ ಕಾಯಂ ಗುರುತುಸಂಖ್ಯೆ, ಕೊಂಡಿಯ ರೂಪದಲ್ಲಿ. ಅದು ಯಾವಾಗಲೂ 10ರಿಂದಲೇ ಶುರು. ಕೈಯಿಂದ ಟೈಪ್ ಮಾಡಬೇಡಿ, ಕಾಪಿ ಮಾಡಿ. ಒಂದಂಕಿ ತಪ್ಪಿದರೂ ಸರಿಯಾದ ಲೇಖನ ತೆರೆಯದು. ಅದರ ಕೊನೆಗೆ ಪೂರ್ಣವಿರಾಮ ಇಡಬೇಡಿ, ಚುಕ್ಕೆಯೂ ಕೊಂಡಿಗೆ ಸೇರಿಕೊಳ್ಳುತ್ತದೆ. ಸೇರಿಸಿದ ಮೇಲೆ ಒಮ್ಮೆ ಒತ್ತಿ, ನೀವು ಓದಿದ ಲೇಖನವೇ ತೆರೆಯಿತೇ ನೋಡಿ.

ಸಮಯ ಕಡಿಮೆ ಇದೆ, ಇನ್ಫೋಗ್ರಾಫಿಕ್‌ಗೆ, ಅಂದರೆ ಅಂಕಿಅಂಶಗಳನ್ನು ಚಿತ್ರವಾಗಿ ತೋರಿಸುವ ನಕ್ಷೆಗೆ, ಬರುತ್ತೇನೆ. ದಯವಿಟ್ಟು ‘ಆಕರ: ಗೂಗಲ್’ ಎಂದು ಬರೆಯಬೇಡಿ. ಗೂಗಲ್ ಹುಡುಕಿಕೊಟ್ಟಿತು, ಅಷ್ಟೇ. ಚಿತ್ರವನ್ನೇ ಹುಡುಕುತಾಣಕ್ಕೆ ಕೊಟ್ಟು ಹುಡುಕಿ, ಅದು ಮೊದಲು ಪ್ರಕಟವಾದ ಪುಟ ತೆರೆಯಿರಿ. ತಯಾರಿಸಿದವರು, ವರ್ಷ, ಶೀರ್ಷಿಕೆ, ಚೌಕಾವರಣದಲ್ಲಿ ‘ಇನ್ಫೋಗ್ರಾಫಿಕ್’, ಪ್ರಕಾಶಕರು, ಜಾಲವಿಳಾಸ, ಇಷ್ಟೂ ಬೇಕು. ಆಮೇಲೆ ಚಿತ್ರದ ಅಡಿಯ ಸಣ್ಣಕ್ಷರ ಓದಿ. ಅಂಕಿಅಂಶ ಎಲ್ಲಿಂದ ಬಂತೆಂಬುದು ಸಾಮಾನ್ಯವಾಗಿ ಅಲ್ಲಿರುತ್ತದೆ. ಅಂಕಿ ಬೇಕಿದ್ದರೆ ಆ ವರದಿಯನ್ನೇ ತೆರೆದು, ಅದನ್ನೇ ಉಲ್ಲೇಖಿಸಿ.

ಚಿತ್ರವನ್ನೇ ಅಚ್ಚು ಹಾಕುವುದಾದರೆ ಹೆಸರು ಬರೆದರಷ್ಟೇ ಸಾಲದು. ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಅಂದರೆ ಷರತ್ತಿನ ಮೇಲೆ ಯಾರು ಬೇಕಾದರೂ ಬಳಸಲು ಹಕ್ಕುದಾರರು ಮೊದಲೇ ಕೊಟ್ಟ ಒಪ್ಪಿಗೆ, ಇದೆಯೇ, ಅದರ ಷರತ್ತೇನು ನೋಡಿ. ಇಲ್ಲದಿದ್ದರೆ ಹಕ್ಕುದಾರರ ಅನುಮತಿ ಕೇಳಿ. ಅದೇ ಅಂಕಿಗಳಿಂದ ನೀವೇ ಹೊಸದಾಗಿ ಬರೆದ ಚಿತ್ರವಾದರೆ, ಅಂಕಿಗಳ ಮೂಲವನ್ನು ಚಿತ್ರದ ಕೆಳಗೇ ನಮೂದಿಸಿ. ನಮಸ್ಕಾರ.