ಕೋಡಲ್ಲಿ ಸಿಕ್ಕಾಕ್ಕೊಂಡಾಗ ಏನ್ ಮಾಡ್ಬೇಕು? | ದಾವಣಗೆರೆ ವ್ಲಾಗ್

ನಮಸ್ಕಾರ ಎಲ್ರಿಗೂ. ಈಗ ನೀವು ನೋಡ್ತಿರೋದು ನಮ್ಮ ಕುಂದುವಾಡ ಕೆರೆ, ಬೆಳಗ್ಗೆ ವಾಕಿಂಗ್ ಟೈಮು, ಅರ್ಧ ದಾವಣಗೆರೆ ಇಲ್ಲೇ ಇದ್ದಂಗಿರುತ್ತೆ. ತುಂಬಾ ಹುಡುಗ್ರು ಕೇಳ್ತಾ ಇರ್ತೀರಿ, ಅಣ್ಣ ಕೋಡಿಂಗ್ ಕಲಿಯೋಕೆ ದಿನಕ್ಕೆ ಎಷ್ಟು ಗಂಟೆ ಕೂರ್ಬೇಕು ಅಂತ. ನಂಗೆ ಗಂಟೆ ಲೆಕ್ಕಕ್ಕಿಂತ ದೊಡ್ಡದು ಅನ್ಸೋದು ಒಂದೇ, ಸಿಕ್ಕಾಕ್ಕೊಂಡಾಗ ನೀವು ಏನ್ ಮಾಡ್ತೀರಿ ಅನ್ನೋದು. ಯಾಕಂದ್ರೆ ಈ ಕೆಲಸದಲ್ಲಿ ದಿನಾ ಎಲ್ಲೋ ಒಂದ್ಕಡೆ ಸಿಕ್ಕಾಕ್ಕೊಂಡೇ ಇರ್ತೀವಿ ರೀ, ವರ್ಷಗಟ್ಲೆ ಅನುಭವ ಇರೋರೂ ಅಷ್ಟೇ, ಅವ್ರು ಅದಕ್ಕೆ ಗಾಬರಿ ಆಗಲ್ಲ ಅಷ್ಟೇ ವ್ಯತ್ಯಾಸ. ಎರರ್ ಬಂದ ತಕ್ಷಣ "ನಂಗೆ ತಲೆ ಇಲ್ಲ, ಇದು ನನ್ನ ಕೈಲಾಗೋದಲ್ಲ" ಅಂತ ಕೂತ್ಬಿಡ್ತಾರಲ್ಲ, ಅದನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.

ನಮ್ಮ ಪಕ್ಕದ ಮನೆ ಹುಡುಗಿ ಒಬ್ಳು ಡಿಪ್ಲೊಮಾ ಓದ್ತಿದಾಳೆ, ಅವ್ರಪ್ಪ ಮೆಕ್ಕೆಜೋಳ ಬೆಳೀತಾರೆ. ಎಪಿಎಂಸಿ ರೇಟೆಲ್ಲ ಒಂದು ಸಿಎಸ್‌ವಿ ಫೈಲಿಗೆ, ಅಂದ್ರೆ ಕಾಮಾ ಹಾಕಿ ಬರೆದಿಡೋ ಪಟ್ಟಿಗೆ ಹಾಕಿ, ಪೈಥಾನ್ ಅನ್ನೋ ಕೋಡಿಂಗ್ ಭಾಷೇಲಿ ಅಪ್ಪನಿಗೆ ಲೆಕ್ಕ ತೆಗೆಯೋ ಒಂದು ಚಿಕ್ಕ ಪ್ರೋಗ್ರಾಮ್ ಬರೀತಿದ್ಳು. ಎಷ್ಟ್ ಚೆಂದ ಅಲ್ವಾ, ಮನೇಲಿ ಉಪಯೋಗ ಆಗೋ ಕೆಲಸ. ರನ್ ಮಾಡಿದ್ರೆ ಕೀ ಎರರ್, ಅಂದ್ರೆ ಹುಡುಕಿದ ಹೆಸರು ಪಟ್ಟೀಲಿ ಸಿಗ್ಲಿಲ್ಲ ಅಂತ. ಅಳಿಸಿ ಬರೆದ್ಳು, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದ್ಳು, ಮತ್ತೆ ಅದೇ. ನಾನು ಹೇಳಿದ್ದು ಇಷ್ಟೇ, ಕೊನೇ ಸಾಲನ್ನ ಜೋರಾಗಿ ಓದು, ನಿಧಾನಕ್ಕೆ. ಪೈಥಾನ್ ಅಷ್ಟುದ್ದ ಕೆಂಪು ಅಕ್ಷರ ಸುರೀತೈತೆ, ಆದ್ರೆ ಏನ್ ತಪ್ಪಾಗಿದೆ ಅನ್ನೋದು ಇರೋದು ಕೊನೇ ಸಾಲಲ್ಲಿ, ಎಲ್ಲಿ ಆಗಿದೆ ಅನ್ನೋದು ಅದರ ಸ್ವಲ್ಪ ಮೇಲೆ. ಅವಳು ಓದಿದ್ಳು, ಕೀ ಎರರ್, ಕೋಟ್ ಗುರುತಿನ (' ') ಒಳಗೆ ಮೆಕ್ಕೆಜೋಳ. "ಅದೇ ಹೆಸರು ಇದೆಯಲ್ಲ ಅಣ್ಣ" ಅಂದ್ಳು. ಇನ್ನೊಂದ್ಸಲ ನೋಡು ಅಂದೆ. ಆಗ ಕಣ್ಣಿಗೆ ಬಿತ್ತು, ಜೋಳ ಆದ್ಮೇಲೆ ಕೋಟ್ ಮುಚ್ಚೋಕೆ ಮುಂಚೆ ಒಂದು ಸಣ್ಣ ಜಾಗ ಖಾಲಿ ಇದೆ. ಫೈಲಲ್ಲಿ ಹೆಸರಿನ ಹಿಂದೆ ಒಂದು ಸ್ಪೇಸ್ ಉಳ್ಕೊಂಡಿತ್ತು, ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹಿಂದೆ ಮುಂದೆ ಇರೋ ಖಾಲಿ ಜಾಗ ತೆಗೆಯೋ ಸ್ಟ್ರಿಪ್ ಅಂತ ಒಂದು ಫಂಕ್ಷನ್ ಹಾಕಿದ್ಳು, ಮುಗೀತು. ಆ ಹುಡುಗಿ ಮುಖ ನೋಡ್ಬೇಕಿತ್ತು ನೀವು!

ಅವತ್ತಿಂದ ಅವಳು ಒಂದು ನೋಟ್‌ಬುಕ್ ಇಟ್ಕೊಂಡಿದಾಳೆ. ಏನ್ ಬರುತ್ತೆ ಅನ್ಕೊಂಡಿದ್ದೆ, ಏನ್ ಬಂತು, ಯಾಕಿರ್ಬಹುದು, ಮೂರೇ ಸಾಲು. ಇದನ್ನ ನೀವೂ ಮಾಡ್ರಿ, ಚಾಟ್‌ಜಿಪಿಟಿ ಹತ್ರ ಕೇಳೋಕೆ ಮುಂಚೆನೇ ಮಾಡ್ರಿ. ಎಐ ಬಳಸ್ಬೇಡಿ ಅಂತ ನಾನು ಹೇಳಲ್ಲ, ನಾನೂ ದಿನಾ ಬಳಸ್ತೀನಿ, ಆದ್ರೆ ನಿಮ್ಮದೇ ಒಂದು ಊಹೆ ಇಲ್ದೆ ಕೇಳಿದ್ರೆ ಉತ್ತರ ಸರಿನೋ ತಪ್ಪೋ ತೂಗಿ ನೋಡೋಕೆ ನಿಮ್ಮ ಹತ್ರ ಏನೂ ಇರಲ್ಲ.

ಇನ್ನು ಮೈ ವಿಷಯ, ಬೇಗ ಹೇಳಿ ಮುಗಿಸ್ತೀನಿ. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸೋದೇ ಕಮ್ಮಿ ಆಗುತ್ತೆ, ಅದಕ್ಕೇ ಕಣ್ಣು ಒಣಗಿ ಉರಿಯೋದು. 20 ನಿಮಿಷಕ್ಕೊಂದ್ಸಲ 20 ಅಡಿ ದೂರದಲ್ಲಿರೋದನ್ನ 20 ಸೆಕೆಂಡ್ ನೋಡ್ರಿ, ಕಿಟಕಿ ಆಚೆ ಬೇವಿನ ಮರ ಇದ್ರೂ ಸಾಕು. ಸಂಜೆ ಮಂಡಕ್ಕಿ ಮಿರ್ಚಿ ಜೊತೆ ಟೀ ಬೇಕೇ ಬೇಕು, ಗೊತ್ತು, ಆದ್ರೆ ಕುಡಿದ ಕೆಫೀನಲ್ಲಿ ಅರ್ಧ ಕರಗೋಕೇ ಸುಮಾರು 5 ಗಂಟೆ ಹಿಡಿಯುತ್ತೆ, ಒಬ್ಬೊಬ್ರಿಗೆ ಒಂದೊಂದ್ ಥರ, ಹಾಗಾಗಿ ರಾತ್ರಿ ಒಂಬತ್ತರ ಮೇಲೆ ಮತ್ತೊಂದು ಕಪ್ ಬೇಡ.

ನಿದ್ದೆ ಮಾತ್ರ ಬಿಡ್ಬೇಡ್ರಿ, ಕೈ ಮುಗಿದು ಕೇಳ್ಕೊತೀನಿ. ರಾತ್ರಿ ಎರಡು ಗಂಟೆವರೆಗೂ ಕೂತು ಕಲಿತಿದ್ದು ತಲೇಲಿ ಗಟ್ಟಿ ಆಗೋದು ಮಲಗಿದಾಗ್ಲೇ. ಜರ್ಮನಿಯ ಎಬ್ಬಿಂಗ್‌ಹೌಸ್ ಅನ್ನೋರು ಅರ್ಥ ಇಲ್ಲದ ಅಕ್ಷರಗಳನ್ನ ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೀತೀನಿ ಅಂತ ಅಳೆದು 1885ರಲ್ಲೇ ಬರೆದಿಟ್ರು, ಮರೆವು ಮೊದಮೊದಲು ಬಲು ಜೋರು, ಆಮೇಲೆ ನಿಧಾನ. ಒಂದೇ ದಿನ ಗುಡ್ಡೆ ಹಾಕೋದಕ್ಕಿಂತ ಬಿಟ್ಟು ಬಿಟ್ಟು ಓದಿದ್ರೆ ಚೆನ್ನಾಗಿ ಉಳಿಯುತ್ತೆ ಅಂತಾನೂ ಅವ್ರು ಕಂಡ್ಕೊಂಡ್ರು. ಅಂದ್ರೆ ಭಾನುವಾರ ಎಂಟು ಗಂಟೆ ಟ್ಯುಟೋರಿಯಲ್ ನೋಡೋದಕ್ಕಿಂತ ದಿನಾ ಒಂದ್ ಗಂಟೆ, ವಿಡಿಯೋ ನಿಲ್ಲಿಸಿ, ನೋಡ್ದೆ, ನೀವೇ ಟೈಪ್ ಮಾಡೋದು. ಎಷ್ಟು ಗಂಟೆ ಅಂತ ಕೇಳಿದ್ರಲ್ಲ, ಇದೇ ನನ್ನ ಉತ್ತರ.

ಆಮೇಲೆ ಬೆಂಗಳೂರಲ್ಲಿರೋ ಫ್ರೆಂಡಿಗೆ ಇಷ್ಟು ಸಂಬಳದ ಪ್ಯಾಕೇಜ್ ಅಂತೆ, ಲಿಂಕ್ಡ್‌ಇನ್‌ನಲ್ಲಿ ಅವನಾಕಿದ ಫೋಟೋ... ರಾತ್ರಿ ಮಲಗೋಕೆ ಮುಂಚೆ ಅದನ್ನ ನೋಡ್ಬೇಡಿ, ಅಷ್ಟೇ.

ಇವತ್ತೇ ಒಂದು ಮಾಡಿ ನೋಡ್ರಿ. ಪೈಥಾನಲ್ಲಿ "ಕನ್ನಡ" ಪದದ ಉದ್ದ ಎಷ್ಟು ಅಂತ ಉದ್ದ ಎಣಿಸೋ ಲೆನ್ ಫಂಕ್ಷನ್ ಹಾಕಿ ಕೇಳಿ. ನಮ್ಮ ಕಣ್ಣಿಗೆ ಮೂರಕ್ಷರ, ಅದು 5 ಅನ್ನುತ್ತೆ. ಯಾಕಂದ್ರೆ ಯೂನಿಕೋಡ್, ಅಂದ್ರೆ ಕಂಪ್ಯೂಟರಲ್ಲಿ ಪ್ರತಿ ಅಕ್ಷರಕ್ಕೂ ಒಂದು ನಂಬರ್ ಕೊಡೋ ಪದ್ಧತಿ, ಆ ಒತ್ತಕ್ಷರವನ್ನ ನ, ಹಲಂತ (ಅಕ್ಷರದ ಸ್ವರ ತೆಗೆಯೋ ಗುರುತು), ಮತ್ತೆ ನ ಅಂತ ಬಿಡಿಸಿ ಇಟ್ಕೊಳ್ಳುತ್ತೆ. ಈಗ "ದಾವಣಗೆರೆ" ಎಷ್ಟು ಬರ್ಬಹುದು? ಮೊದ್ಲು ನಿಮ್ಮ ಊಹೆನ ಹಾಳೆ ಮೇಲೆ ಬರೀರಿ, ಆಮೇಲೆ ಎಂಟರ್ ಒತ್ರಿ.