ಕಿತ್ತಳೆ ಅಂಗಿಯ ಬೆಟ್ಟದ ಹುಡುಗರು: ಬಾಸ್ಕ್ ನಾಡಿನ ಒಂದು ಸೈಕಲ್ ತಂಡದ ಏಳುಬೀಳು

ಎಲ್ಲರಿಗೂ ನಮಸ್ಕಾರ.

ಮೊದಲು ದುಡ್ಡಿನ ಮಾತು ಮುಗಿಸೋಣ, ಯಾಕೆಂದರೆ ಇವತ್ತಿನ ಕತೆಯ, ಅಂದರೆ ಯೂಸ್ಕಾಲ್ಟೆಲ್ ಎಂಬ ಸೈಕಲ್ ತಂಡದ ಕತೆಯ, ಬೇರು ಅಲ್ಲಿದೆ. ಫುಟ್‌ಬಾಲ್ ಕ್ಲಬ್ಬಿಗೆ ಮೈದಾನ ಇರುತ್ತದೆ, ಗೇಟಿನಲ್ಲಿ ಟಿಕೆಟ್ ಹರಿದುಕೊಡಬಹುದು. ರಸ್ತೆ ಸೈಕಲ್ ರೇಸಿಗೆ ಗೇಟೇ ಇಲ್ಲ. ಜನ ತಮ್ಮ ಮನೆ ಮುಂದೆ ಕುರ್ಚಿ ಹಾಕಿಕೊಂಡು ಬಿಟ್ಟಿ ನೋಡುತ್ತಾರೆ. ಟಿವಿ ಹಕ್ಕಿನ ಹಣ ರೇಸ್ ನಡೆಸುವವರಿಗೆ ಹೋಗುತ್ತದೆ. ತಂಡದವರಿಗೆ ಮಾರುವುದಕ್ಕೆ ಉಳಿಯುವುದು ಅಂಗಿಯ ಮೇಲಿನ ಜಾಗ ಒಂದೇ. ಅದನ್ನು ಕೊಂಡ ಕಂಪನಿಯ ಹೆಸರೇ ತಂಡದ ಹೆಸರು. ಕಂಪನಿ ಕೈಬಿಟ್ಟ ವರ್ಷ ತಂಡದ ಬಾಗಿಲೂ ಮುಚ್ಚುತ್ತದೆ.

ಸ್ಪೇನಿನ ಉತ್ತರದಲ್ಲಿರುವ ಬಾಸ್ಕ್ ನಾಡಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ತಂಪು ಪಾನೀಯದ ಕಂಪನಿ ಕಾಸ್ ನಡೆಸುತ್ತಿದ್ದ ಹೆಸರುವಾಸಿ ತಂಡ 1988ಕ್ಕೆ ನಿಂತುಹೋಯಿತು. ಮೊಂಡ್ರಗೊನ್ ಸಹಕಾರಿ ಸಂಸ್ಥೆಗಳಿಗೆ ಸೇರಿದ ಫಾಗೋರ್ ಕಂಪನಿಯ ತಂಡ ಮರುವರ್ಷ ನಿಂತಿತು. ಊರೂರಿನಲ್ಲಿ ಸೈಕಲ್ ಕ್ಲಬ್ಬುಗಳಿದ್ದವು, ಹುಡುಗರು ತಯಾರಾಗುತ್ತಿದ್ದರು, ಆದರೆ ವೃತ್ತಿಪರರಾಗಲು ಹೊರಗಿನ ತಂಡಗಳ ಬಾಗಿಲು ತಟ್ಟಬೇಕಿತ್ತು. ಆಗ ಮಿಗೆಲ್ ಮದರಿಯಾಗ ಎಂಬಾತ ಬೇರೆ ದಾರಿ ಹಿಡಿದರು. ಕಂಪನಿಯನ್ನು ಹುಡುಕುವ ಮೊದಲು ಒಂದು ಪ್ರತಿಷ್ಠಾನ ಕಟ್ಟಿ, ಸಾಮಾನ್ಯ ಜನರನ್ನು ಸದಸ್ಯರನ್ನಾಗಿ ಮಾಡಿಕೊಂಡು, ಅವರ ಚಂದಾ, ಸ್ಥಳೀಯ ಸರ್ಕಾರದ ನೆರವು, ಇವೆರಡನ್ನೂ ತಳಪಾಯ ಮಾಡಿಕೊಳ್ಳುವುದು, ಪ್ರಾಯೋಜಕರು ಆಮೇಲೆ. ತಂಡ 1994ರಲ್ಲಿ ರಸ್ತೆಗಿಳಿಯಿತು. ಆರಂಭದಲ್ಲಿ ಬಿಲ್ಬಾವೊ ಬಳಿಯ ಪೆಟ್ರೋನೋರ್ ಎಂಬ ತೈಲ ಕಂಪನಿ ಜೊತೆಗಿತ್ತು. 1998ರಲ್ಲಿ ಬಾಸ್ಕ್ ನಾಡಿನದೇ ದೂರವಾಣಿ ಕಂಪನಿ ಯೂಸ್ಕಾಲ್ಟೆಲ್ ಬಂತು, ಜೊತೆಗೆ ಅದರ ಕಿತ್ತಳೆ ಬಣ್ಣವೂ ಬಂತು. ಸೈಕಲ್ ಕೊಟ್ಟದ್ದು ಓರ್ಬೆಯಾ. ಮಲ್ಯಾಬಿಯಾ ಎಂಬ ಊರಿನ ಕಾರ್ಮಿಕ ಸಹಕಾರಿ ಕಾರ್ಖಾನೆ, 19ನೇ ಶತಮಾನದಲ್ಲಿ ಬಂದೂಕು ತಯಾರಿಸುತ್ತಿದ್ದ ಮನೆತನದ್ದು. ಹೀಗೆ ದುಡ್ಡು, ಸೈಕಲ್, ಸವಾರ ಎಲ್ಲವೂ ಒಂದೇ ಸೀಮೆಯವು.

ಸವಾರರ ವಿಷಯದಲ್ಲಂತೂ ಇದು ನಿಯಮವೇ ಆಗಿತ್ತು. ಒಂದೋ ಬಾಸ್ಕ್ ಸೀಮೆಯಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿನ ಹವ್ಯಾಸಿ ಕ್ಲಬ್ಬುಗಳಲ್ಲಿ ಪಳಗಿರಬೇಕು. ಎರಡನೆಯ ಕಿಂಡಿಯಿಂದಲೇ ಹತ್ತಿರದ ಅಸ್ತೂರಿಯಾಸ್ ಪ್ರಾಂತ್ಯದ ಸಾಮುಯೆಲ್ ಸಾಂಚೆಸ್ ಒಳಗೆ ಬಂದದ್ದು. ತಂಡಕ್ಕೆ ಆತ ತಂದುಕೊಟ್ಟಷ್ಟು ಹೆಸರನ್ನು ಬೇರೆ ಯಾರೂ ತರಲಿಲ್ಲ ಅನ್ನುವುದು ಸ್ವಾರಸ್ಯ.

ಈ ನಿಯಮದ ತಾಂತ್ರಿಕ ಪರಿಣಾಮವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬಾಸ್ಕ್ ನಾಡು ಚಿಕ್ಕದು, ತುಂಬಾ ಗುಡ್ಡ. ಮನೆಯಿಂದ ಹೊರಟ ಅರ್ಧ ಗಂಟೆಯೊಳಗೆ ಏರು ಸಿಗುತ್ತದೆ. ಅಂಥ ಕಡೆ ಹವ್ಯಾಸಿ ರೇಸ್ ಗೆದ್ದು ಮೇಲೆ ಬರುವವರು ಸಣ್ಣ ಮೈಯ, ಹಗುರ ಹುಡುಗರು. ಲೆಕ್ಕ ಹಾಕಿ: 60 ಕಿಲೋ ತೂಗುವ ಸವಾರ ಕಿಲೋಗೆ 6 ವ್ಯಾಟ್ ತುಳಿದರೆ ಒಟ್ಟು 360 ವ್ಯಾಟ್. 75 ಕಿಲೋದ ಗಟ್ಟಿಗ 420 ವ್ಯಾಟ್ ತುಳಿದರೂ ಕಿಲೋಗೆ ಬರುವುದು 5.6. ನೂರಕ್ಕೆ ಎಂಟರ ಏರಿನಲ್ಲಿ ಶಕ್ತಿಯ ಬಹುಪಾಲು ತೂಕ ಎತ್ತುವುದಕ್ಕೇ ಖರ್ಚಾಗುವುದರಿಂದ ಮೊದಲನೆಯವನು ಮುಂದೆ. ಬಯಲಿನಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರಾಳಿ ಗಾಳಿ, ತೂಕವಲ್ಲ. ದಪ್ಪಗಿದ್ದವನ ಮೈ ಗಾಳಿಗೆ ಒಡ್ಡಿಕೊಳ್ಳುವ ಜಾಗ ಅವನ ತೂಕದಷ್ಟು ಹೆಚ್ಚಿರುವುದಿಲ್ಲ, ಆದರೆ ಕಾಲಲ್ಲಿ 60 ವ್ಯಾಟ್ ಹೆಚ್ಚಿಗೆ ಇದೆ. ಅಲ್ಲಿ ಅವನೇ ರಾಜ. ಯೂಸ್ಕಾಲ್ಟೆಲ್ ತಂಡದಲ್ಲಿ ಮೊದಲನೆಯ ಬಗೆಯವರು ಬೇಕಾದಷ್ಟು, ಎರಡನೆಯ ಬಗೆಯವರು ಬೆರಳೆಣಿಕೆ.

ಅಡ್ಡಗಾಳಿ ಬೀಸಿದಾಗ ಇದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಸವಾರರಿಗೆ ಇದನ್ನು ವಿವರಿಸಬೇಕಿಲ್ಲ. ಗಾಳಿ ಪಕ್ಕದಿಂದ ಬಂದರೆ ಮುಂದಿನವನ ನೇರ ಹಿಂದೆ ಮರೆ ಸಿಗುವುದಿಲ್ಲ, ಓರೆಯಾಗಿ ನಿಲ್ಲಬೇಕು. ಹಾಗೆ ಓರೆ ಸಾಲು ಕಟ್ಟುತ್ತ ಹೋದರೆ ರಸ್ತೆಯ ಅಗಲ ಹನ್ನೆರಡು ಹದಿನೈದು ಜನಕ್ಕೆ ಮುಗಿಯುತ್ತದೆ. ಅವರ ನಂತರದವನು ಡಾಂಬರಿನ ಅಂಚಿನಲ್ಲಿ ಒಬ್ಬಂಟಿಯಾಗಿ ಗಾಳಿ ತಿನ್ನಬೇಕು. ಅವನು ಅರ್ಧ ಗಾಲಿ ಹಿಂದೆ ಬಿದ್ದರೆ ಅವನ ಹಿಂದಿದ್ದವರೆಲ್ಲ ಕಳಚಿದ ಹಾಗೆಯೇ. ಮೊದಲ ಹದಿನೈದರೊಳಗೆ ತಮ್ಮ ನಾಯಕನನ್ನು ತಳ್ಳಿ ಕೂರಿಸಲು ಭಾರದ ಆಳುಗಳು ಬೇಕು. ಬೆಟ್ಟದ ಹುಡುಗರ ಕೈಯಲ್ಲಿ ಅದು ಆಗುವ ಕೆಲಸವಲ್ಲ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ನಷ್ಟವಿದೆ, ಟಿವಿಯಲ್ಲಿ ನೋಡುವವರ ಗಮನಕ್ಕೆ ಬಾರದ್ದು. ಹಲವು ದಿನದ ರೇಸಿನಲ್ಲಿ ಸವಾರರ ಗುಂಪಿನ ಹಿಂದೆ ತಂಡದ ಕಾರುಗಳು ಸಾಲಾಗಿ ಬರುತ್ತವೆ. ಸಾಲಿನ ಕ್ರಮ ಮನಸ್ಸಿಗೆ ಬಂದಂತೆ ಅಲ್ಲ: ಒಟ್ಟು ಸಮಯದ ಪಟ್ಟಿಯಲ್ಲಿ ಯಾವ ತಂಡದ ಸವಾರ ಮೇಲಿದ್ದಾನೋ ಆ ತಂಡದ ಕಾರು ಮುಂದೆ. ಮೊದಲ ವಾರದ ಬಯಲು ಹಂತಗಳಲ್ಲಿ (ಇಂಥ ರೇಸಿನ ಒಂದೊಂದು ದಿನದ ಓಟಕ್ಕೆ ಹಂತ ಅನ್ನುತ್ತಾರೆ) ನಿಮಿಷಗಳನ್ನು ಕಳೆದುಕೊಂಡ ತಂಡದ ಕಾರು ಹದಿನೆಂಟನೆಯದೋ ಇಪ್ಪತ್ತನೆಯದೋ ಆಗಿರುತ್ತದೆ. ಆ ಕಾಲದ ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಹಿಂದಿನ ಗಾಲಿ ಪಂಕ್ಚರ್ ಆಯಿತು ಅನ್ನಿ. ಸವಾರ ಕೈ ಎತ್ತಬೇಕು, ರೇಡಿಯೊದಲ್ಲಿ ಹೇಳಬೇಕು, ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ಇಳಿಸಿಕೊಂಡು ರಸ್ತೆಯ ಬಲಕ್ಕೆ ಸರಿದು ನಿಲ್ಲಬೇಕು. ಮೆಕ್ಯಾನಿಕ್ ಓಡಿ ಬಂದು ಬ್ರೇಕ್ ಸಡಿಲಿಸಿ, ಅಚ್ಚಿನ ಲಿವರ್ ತೆರೆದು, ಹಳೆಯ ಗಾಲಿ ಎಳೆದು, ಹೊಸದನ್ನು ಚೈನಿಗೆ ಕೂರಿಸಿ, ಲಿವರ್ ಬಿಗಿದು, ಬೆನ್ನಿಗೆ ಕೈಕೊಟ್ಟು ತಳ್ಳುತ್ತಾನೆ. ಪಳಗಿದ ಕೈಗೆ ಹತ್ತು ಹದಿನೈದು ಸೆಕೆಂಡಿನ ಕೆಲಸ. ಗಾಬರಿಯಲ್ಲಿ ಚೈನನ್ನು ದೊಡ್ಡ ಚಕ್ರದ ಮೇಲೆಯೇ ಬಿಟ್ಟು ನಿಂತರೆ ಗಾಲಿ ಬೇಗ ಕಳಚುವುದಿಲ್ಲ. ಲಿವರ್ ಬಿಗಿಯುವಾಗ ಅಚ್ಚು ಓರೆಯಾಗಿ ಕೂತರೆ ರಿಮ್ಮು ಬ್ರೇಕಿಗೆ ತಾಗುತ್ತ ಹೋಗುತ್ತದೆ, ಮತ್ತೆ ನಿಲ್ಲಬೇಕು. ಇದೆಲ್ಲ ಕಾರು ಬಂದ ಮೇಲಿನ ಮಾತು. ಹದಿನೆಂಟನೆಯ ಕಾರು ಇಕ್ಕಟ್ಟಿನ ಹಳ್ಳಿ ರಸ್ತೆಯಲ್ಲಿ ಹದಿನೇಳು ಕಾರುಗಳನ್ನು ದಾಟಿ ಮುಂದೆ ಬರುವಷ್ಟರಲ್ಲಿ ಹೋಗುವ ಸಮಯವೇ ದೊಡ್ಡದು. ಅದಕ್ಕೇ ನಾಯಕನಿಗೆ ಪಂಕ್ಚರ್ ಆದರೆ ಪಕ್ಕದ ಜೊತೆಗಾರ ತನ್ನ ಗಾಲಿಯನ್ನೋ ಇಡೀ ಸೈಕಲ್ಲನ್ನೋ ಕೊಟ್ಟು ತಾನು ನಿಂತುಬಿಡುತ್ತಾನೆ.

ಬೆಟ್ಟ ಬಂದಾಗ ಮಾತ್ರ ಲೆಕ್ಕ ತಿರುಗುತ್ತಿತ್ತು. ಫ್ರಾನ್ಸಿನ ಮೂರು ವಾರದ ರೇಸಾದ ಟೂರ್ ಡಿ ಫ್ರಾನ್ಸಿಗೆ ಮೊದಲ ಬಾರಿ ಕರೆ ಬಂದದ್ದು 2001ರಲ್ಲಿ. ಆ ವರ್ಷ ಪಿರನೀಸ್ ಪರ್ವತದ ಲೂಸ್ ಅರ್ದಿದೆನ್ ಏರಿನ ತುದಿಯಲ್ಲಿ ರೊಬೆರ್ತೊ ಲೈಸೆಕಾ ಗೆದ್ದರು. ತಂಡದ ಮೊದಲ ವರ್ಷದಿಂದಲೂ ಇದ್ದವರು, ಕೊನೆಯವರೆಗೂ ಬೇರೆ ತಂಡದ ಅಂಗಿ ತೊಡದವರು. ಲೂಸ್ ಅರ್ದಿದೆನ್ ಬಾಸ್ಕ್ ನಾಡಿನಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರ. ಇಕ್ಕೆಲದಲ್ಲೂ ಕಿತ್ತಳೆ ಅಂಗಿಯ ಜನ. ಮುಂದೆ ಪ್ರತಿ ಜುಲೈನಲ್ಲಿ ಪಿರನೀಸ್ ಹಂತಗಳೆಂದರೆ ಅದೇ ನೋಟ. ಪ್ರಾಯೋಜಕರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಯಾವುದು?

2003 ತಂಡದ ಅತಿ ಒಳ್ಳೆಯ ಟೂರುಗಳಲ್ಲಿ ಒಂದು. ಇಬಾನ್ ಮಾಯೊ 21 ತಿರುವುಗಳ ಆಲ್ಪ್ ದ್ಯುಯೆಜ್ ಏರನ್ನು ಒಬ್ಬರೇ ಗೆದ್ದರು. ಲೂಸ್ ಅರ್ದಿದೆನ್‌ನಲ್ಲಿ ಅಮೆರಿಕದ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಪ್ರೇಕ್ಷಕರ ಚೀಲಕ್ಕೆ ಸಿಕ್ಕಿ ಬಿದ್ದರು, ಆಗ ಜೊತೆಗೆ ಬಿದ್ದವರೂ ಈ ಮಾಯೊ ಅವರೇ. ಎದ್ದು ಆ ಹಂತದಲ್ಲಿ ಎರಡನೆಯವರಾಗಿ ಮುಗಿಸಿದರು. ಪ್ಯಾರಿಸ್ಸಿನಲ್ಲಿ ಟೂರ್ ಮುಗಿದಾಗ ಹೈಮರ್ ಸುಬೆಲ್ದಿಯಾ ಐದನೆಯವರು, ಮಾಯೊ ಆರನೆಯವರು. ಮರುವರ್ಷ ಜೂನ್ ತಿಂಗಳಲ್ಲಿ ಫ್ರಾನ್ಸಿನ ಒಂದು ವಾರದ ದೋಫಿನೆ ರೇಸಿನಲ್ಲಿ ಮಾಯೊ ವೆಂತೂ ಬೆಟ್ಟವನ್ನು 55 ನಿಮಿಷ 51 ಸೆಕೆಂಡಿನಲ್ಲಿ ಹತ್ತಿ ದಾಖಲೆ ಮಾಡಿ ರೇಸನ್ನೂ ಗೆದ್ದರು. ಜುಲೈಗೆ ದೊಡ್ಡ ನಿರೀಕ್ಷೆ. ಆದರೆ 2004ರ ಟೂರಿನ ಮೂರನೆಯ ಹಂತದಲ್ಲೇ ಉತ್ತರ ಫ್ರಾನ್ಸಿನ ಕಲ್ಲುಹಾಸಿನ ರಸ್ತೆ ಇತ್ತು. ಕಲ್ಲುಹಾಸು ಶುರುವಾಗುವ ಮೊದಲಿನ ಕೆಲವು ಕಿಲೋಮೀಟರುಗಳಲ್ಲಿ ಎಲ್ಲರೂ ಮುಂದೆ ಜಾಗ ಹಿಡಿಯಲು ನುಗ್ಗುತ್ತಾರೆ, ಯಾಕೆಂದರೆ ಆ ಕಿರಿದಾದ ಕಲ್ಲಿನ ಮೇಲೆ ಹೋದ ಮೇಲೆ ದಾಟಲು ದಾರಿಯಿಲ್ಲ. ಆ ನೂಕುನುಗ್ಗಲಿನಲ್ಲಿಯೇ ಮಾಯೊ ಬಿದ್ದರು, ಸುಮಾರು ನಾಲ್ಕು ನಿಮಿಷ ಹೋಯಿತು, ಆ ವರ್ಷದ ಟೂರ್ ಅವರ ಪಾಲಿಗೆ ಬೆಟ್ಟ ನೋಡುವ ಮೊದಲೇ ಮುಗಿಯಿತು. ದುರದೃಷ್ಟ ಅಂತ ಹೇಳಿ ಬಿಡಬಹುದು. ನನಗೇನೋ ಅದು ತಂಡ ಕಟ್ಟಿದ ರೀತಿಯ ಬೆಲೆ ಅಂತಲೇ ಅನಿಸುತ್ತದೆ.

ಉದ್ದೀಪನ ಮದ್ದಿನ ವಿಷಯ ಬಿಟ್ಟು ಮುಂದೆ ಹೋದರೆ ಅರ್ಧ ಚರಿತ್ರೆ ಹೇಳಿದಂತಾಗುತ್ತದೆ. 2005ರ ದೋಫಿನೆ ಗೆದ್ದ ಇನಿಗೊ ಲಾಂದಾಲುಸೆ ಅವರ ಪರೀಕ್ಷೆಯಲ್ಲಿ ನಿಷಿದ್ಧ ಹಾರ್ಮೋನು ಟೆಸ್ಟೋಸ್ಟೆರೋನ್ ಕಂಡುಬಂತು. ಮೊದಲನೆಯದು, ಅದನ್ನು ಖಚಿತಪಡಿಸುವ ಎರಡನೆಯದು, ಈ ಎರಡೂ ಮಾದರಿಗಳ ಕೆಲಸದಲ್ಲಿ ಒಬ್ಬರೇ ಪರೀಕ್ಷಕರು ಕೈ ಹಾಕಿದ್ದರೆಂಬ ಲೋಪದಿಂದ ಅವರು ಪಾರಾದರು. 2009ರಲ್ಲಿ ಮಿಕೆಲ್ ಅಸ್ತಾರ್ಲೊಸಾ ಟೂರಿನ ಹಂತವೊಂದನ್ನು ಗೆದ್ದ ಕೆಲವೇ ದಿನಕ್ಕೆ, ಜೂನಿನಲ್ಲಿ ಕೊಟ್ಟ ಮಾದರಿಯಲ್ಲಿ ಇಪಿಒ, ಅಂದರೆ ರಕ್ತದ ಕೆಂಪುಕಣ ಹೆಚ್ಚಿಸುವ ನಿಷಿದ್ಧ ಮದ್ದು, ಸಿಕ್ಕಿದ ಸುದ್ದಿ ಬಂತು. ಗೆಲುವೂ ಹೋಯಿತು, ಎರಡು ವರ್ಷ ನಿಷೇಧವೂ ಆಯಿತು. ಊರಿನವರ ಚಂದಾ ಹಣದ ತಂಡ ಅಂದಮಾತ್ರಕ್ಕೆ ಆ ಕಾಲದ ರೋಗ ಒಳಗೆ ಬರದೆ ಇರಲಿಲ್ಲ.

ಒಳ್ಳೆಯ ದಿನಗಳೂ ಇದ್ದವು. ಸಾಂಚೆಸ್ 2008ರಲ್ಲಿ ಸ್ಪೇನಿನ ಪರವಾಗಿ ಬೀಜಿಂಗ್ ಒಲಿಂಪಿಕ್ಸಿನ ಚಿನ್ನ ಗೆದ್ದರು. 2010ರ ವುಯೆಲ್ಟಾದಲ್ಲಿ, ಅಂದರೆ ಸ್ಪೇನಿನ ಮೂರು ವಾರದ ರೇಸಿನಲ್ಲಿ, ಇಗೊರ್ ಆಂತೊನ್ ನಾಯಕನ ಕೆಂಪು ಅಂಗಿ ತೊಟ್ಟು ಓಡುತ್ತಿದ್ದಾಗ ಪೆನ್ಯಾ ಕಬಾರ್ಗಾ ಬೆಟ್ಟದ ಬುಡದಲ್ಲಿ ಬಿದ್ದು ಮೊಣಕೈ ಮುರಿದುಕೊಂಡರು. ಎರಡೇ ದಿನದಲ್ಲಿ ಮಿಕೆಲ್ ನಿಯೆವೆ ಕೊತೊಬೆಯೊ ಏರು ಗೆದ್ದು ತಂಡದ ಮಾನ ಉಳಿಸಿದರು. 2011 ಇನ್ನೂ ದೊಡ್ಡದು: ಇಟಲಿಯ ಮೂರು ವಾರದ ರೇಸು ಜಿರೊದಲ್ಲಿ ಆಂತೊನ್ ಭಯಂಕರ ಜೊಂಕೊಲಾನ್ ಏರು ಗೆದ್ದರೆ ಮರುದಿನ ನಿಯೆವೆ ಗೆದ್ದರು, ಜುಲೈನಲ್ಲಿ ಸಾಂಚೆಸ್ ಅದೇ ಲೂಸ್ ಅರ್ದಿದೆನ್ ಮೇಲೆ ಗೆದ್ದು ಟೂರಿನ ಬೆಟ್ಟದ ರಾಜನ ಅಂಗಿಯನ್ನೂ (ಏರುಗಳಲ್ಲಿ ಹೆಚ್ಚು ಅಂಕ ಗಳಿಸಿದವನಿಗೆ ಕೊಡುವುದು) ಮನೆಗೆ ತಂದರು. ಸೆಪ್ಟೆಂಬರಿನಲ್ಲಿ ವುಯೆಲ್ಟಾ 1978ರ ನಂತರ ಮೊದಲ ಬಾರಿ ಬಾಸ್ಕ್ ನಾಡಿಗೆ ಕಾಲಿಟ್ಟಿತು. 1978ರಲ್ಲಿ ಪ್ರತಿಭಟನೆಗಳ ನಡುವೆ ಸಾನ್ ಸೆಬಾಸ್ತಿಯಾನ್‌ನ ಕೊನೆಯ ಹಂತವೇ ರದ್ದಾಗಿತ್ತು. ಆಮೇಲೆ 33 ವರ್ಷ ರೇಸು ಆ ಕಡೆ ತಲೆ ಹಾಕಿರಲಿಲ್ಲ. ಬಿಲ್ಬಾವೊ ನಗರದ ಆ ಹಂತ ಗೆದ್ದದ್ದು ಆಂತೊನ್, ಕಿತ್ತಳೆ ಅಂಗಿಯಲ್ಲಿ.

ಎರಡೇ ವರ್ಷಕ್ಕೆ ತಂಡ ಮುಚ್ಚಿತು. ಯಾಕೆ? 2005ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಪ್ರೊಟೂರ್ ಎಂಬ ಮೇಲುದರ್ಜೆ ಶುರು ಮಾಡಿತು, ಅದೇ ಮುಂದೆ ವರ್ಲ್ಡ್‌ಟೂರ್ ಆಯಿತು. ಯೂಸ್ಕಾಲ್ಟೆಲ್ ಮೊದಲ ವರ್ಷದಿಂದಲೇ ಅದರ ಲೈಸೆನ್ಸ್ ಪಡೆದಿತ್ತು. ಲೈಸೆನ್ಸ್ ಇದ್ದರೆ ಟೂರಿಗೆ ಆಹ್ವಾನಕ್ಕಾಗಿ ಕಾಯಬೇಕಿಲ್ಲ. ಪ್ರತಿಯಾಗಿ, ಆಗ ಆ ದರ್ಜೆಯ ಎಲ್ಲ ರೇಸಿಗೂ ಹೋಗಲೇಬೇಕಿತ್ತು, ಕಲ್ಲುಹಾಸಿನ ಪ್ಯಾರಿಸ್-ರೂಬೆಗೆ ಕೂಡ. ಒಂದೇ ವಾರ ಎರಡು ಮೂರು ಕಡೆ ತಂಡ ಕಳಿಸಬೇಕು ಅಂದರೆ ಪ್ರತಿ ಕಡೆಗೂ ಬೇರೆ ಕಾರು, ಬೇರೆ ಮೆಕ್ಯಾನಿಕ್, ಬೇರೆ ಮಾಲೀಸಿನವರು. ಬಿಸಿಲಿನ ದಿನ ಒಬ್ಬ ಸವಾರನಿಗೆ ಎಂಟು ಹತ್ತು ಬಾಟಲಿ ನೀರು. ಆಗ ಮೂರು ವಾರದ ರೇಸಿಗೆ ಒಂಬತ್ತು ಸವಾರರು. ದಿನಕ್ಕೆ ಸುಮಾರು ಎಂಬತ್ತು ಬಾಟಲಿ ತುಂಬುವುದೇ ಇಬ್ಬರ ಬೆಳಗಿನ ಕೆಲಸ. ಜೊತೆಗೆ ವರ್ಷದ ಸಂಬಳದ ಸುಮಾರು ಕಾಲು ಭಾಗಕ್ಕೆ ಬ್ಯಾಂಕ್ ಖಾತರಿ ಇಡಬೇಕು.

ಅದಕ್ಕಿಂತ ಹೆಚ್ಚು ಕುತ್ತಿಗೆ ಹಿಡಿದದ್ದು ಅಂಕದ ಲೆಕ್ಕ. ಲೈಸೆನ್ಸ್ ಮುಂದುವರಿಸುವಾಗ ತಂಡದ ಸವಾರರು ಗಳಿಸಿದ ಅಂಕಗಳನ್ನು ಕೂಡಿ ನೋಡುತ್ತಿದ್ದರು, ಮತ್ತು ಸವಾರ ತಂಡ ಬದಲಿಸಿದರೆ ಅವನ ಅಂಕ ಅವನ ಜೊತೆಯೇ ಹೊಸ ತಂಡಕ್ಕೆ ಹೋಗುತ್ತಿತ್ತು. ಇದರ ಅರ್ಥ ನೋಡಿ. ಇಡೀ ವರ್ಷ ನಾಯಕನಿಗಾಗಿ ಗಾಳಿ ತಿಂದು, ನೀರು ಹೊತ್ತು, ಗಾಲಿ ಕೊಟ್ಟು ನಿಂತ ಜೊತೆಗಾರನ ಅಂಕ ಸೊನ್ನೆ. ಎಲ್ಲೋ ದೂರದ ಖಂಡದ ಚಿಕ್ಕ ರೇಸುಗಳಲ್ಲಿ ಗೆಲ್ಲುತ್ತಿರುವವನ ಹೆಸರಲ್ಲಿ ರಾಶಿ ಅಂಕ. ಊರ ಹುಡುಗರನ್ನೇ ತೆಗೆದುಕೊಳ್ಳುವ ತಂಡಕ್ಕೆ ಅಂಕ ಕೊಳ್ಳುವ ಸಂತೆಗೆ ಹೋಗಲು ದಾರಿಯೇ ಇರಲಿಲ್ಲ. ಕೊನೆಗೆ ನಿಯಮವನ್ನೇ ಮುರಿದರು. 2013ಕ್ಕೆ ಗ್ರೀಸಿನ ಇಯೊವಾನಿಸ್ ತಮೂರಿದಿಸ್, ಮೊರೊಕ್ಕೊದ ತಾರಿಕ್ ಶೌಫಿ, ಸ್ಲೊವೇನಿಯಾದ ಯೂರೆ ಕೊಸ್ಯಾನ್ ಮುಂತಾದವರು ಕಿತ್ತಳೆ ಅಂಗಿ ತೊಟ್ಟರು. ತಂಡದ ಆಡಳಿತ ಮದರಿಯಾಗರ ಪ್ರತಿಷ್ಠಾನದಿಂದ ಬೇರೆಯಾಯಿತು, ಹಳೆಯ ಸವಾರ ಇಗೊರ್ ಗೊನ್ಸಾಲೆಸ್ ದೆ ಗಾಲ್ದೆಯಾನೊ ಚುಕ್ಕಾಣಿ ಹಿಡಿದರು. ಲೈಸೆನ್ಸ್ ಉಳಿಯಿತು. ಆದರೆ ನಮ್ಮೂರ ಹುಡುಗರು ಅಂತ ರಸ್ತೆ ಬದಿಗೆ ಬರುತ್ತಿದ್ದ ಜನರಿಗೂ, ತೆರಿಗೆ ಹಣ ಕೊಡುತ್ತಿದ್ದ ಸ್ಥಳೀಯ ಸರ್ಕಾರಕ್ಕೂ ಕೊಡಲು ಇದ್ದ ಕಾರಣ ತೆಳುವಾಯಿತು. ಸ್ಪೇನಿನ ಆರ್ಥಿಕ ಬಿಕ್ಕಟ್ಟಿನ ದಿನಗಳು ಬೇರೆ. ಸರ್ಕಾರದ ನೆರವು ನಿಂತಿತು. ಕಂಪನಿಯೊಂದರಿಂದಲೇ ಅಷ್ಟು ದೊಡ್ಡ ಭಾರ ಹೊರಲು ಆಗಲಿಲ್ಲ.

ಆಗಸ್ಟಿನಲ್ಲಿ ಮುಚ್ಚುವ ಪ್ರಕಟಣೆ ಬಂತು. ಸೆಪ್ಟೆಂಬರಿನಲ್ಲಿ ಫಾರ್ಮುಲಾ ಒನ್ ಚಾಲಕ ಫೆರ್ನಾಂದೊ ಅಲೊನ್ಸೊ, ಸಾಂಚೆಸ್ ಅವರ ಊರಾದ ಒವಿಯೆದೊದವರೇ, ಲೈಸೆನ್ಸ್ ಕೊಳ್ಳುವ ಮಾತಾಯಿತು. ಅದೇ ತಿಂಗಳು ಆ ಮಾತೂ ಮುರಿಯಿತು. ಆಂತೊನ್, ಇಸಗಿರ್ರೆ ಅಣ್ಣತಮ್ಮಂದಿರು ಮೊವಿಸ್ಟಾರ್ ತಂಡ ಸೇರಿದರು, ನಿಯೆವೆ ಸ್ಕೈ ತಂಡಕ್ಕೆ, ಮಿಕೆಲ್ ಲಾಂದಾ ಅಸ್ತಾನಾಕ್ಕೆ.

ಪ್ರತಿಷ್ಠಾನ ಮಾತ್ರ ಉಸಿರು ಹಿಡಿದುಕೊಂಡಿತ್ತು. ಕೆಲವು ವರ್ಷಗಳಲ್ಲಿ ಅದರ ಅಧ್ಯಕ್ಷತೆಯನ್ನು ಲಾಂದಾ ಅವರೇ ವಹಿಸಿಕೊಂಡರು, ಬೇರೆ ತಂಡಕ್ಕೆ ಸವಾರಿ ಮಾಡುತ್ತಲೇ. ಕೆಳದರ್ಜೆಯಿಂದ ಮತ್ತೆ ತಂಡ ಕಟ್ಟಿದರು; 2020ರಲ್ಲಿ ಯೂಸ್ಕಾಲ್ಟೆಲ್ ಹೆಸರೂ ಕಿತ್ತಳೆ ಬಣ್ಣವೂ ಎರಡನೆಯ ದರ್ಜೆಗೆ ವಾಪಸಾದವು. ಎರಡನೆಯ ದರ್ಜೆ ಅಂದರೆ ಟೂರಿಗೆ ಮತ್ತೆ ಆಹ್ವಾನಕ್ಕಾಗಿ ಕಾಯುವುದು. 2023ರ ಟೂರ್ ಬಿಲ್ಬಾವೊದಿಂದಲೇ ಹೊರಟಾಗ ಆ ಆಹ್ವಾನ ಬರಲಿಲ್ಲ. ಹಳೆಯ ತಂಡದಲ್ಲಿ ಬೆಳೆದ ಪೆಲ್ಯೊ ಬಿಲ್ಬಾವೊ ಆ ಟೂರಿನ ಹತ್ತನೆಯ ಹಂತ ಗೆದ್ದರು, ಇಯೊನ್ ಇಸಗಿರ್ರೆ ಹನ್ನೆರಡನೆಯದನ್ನು. ಒಬ್ಬರು ಬಹ್ರೇನ್ ತಂಡದ ಅಂಗಿಯಲ್ಲಿ, ಇನ್ನೊಬ್ಬರು ಫ್ರಾನ್ಸಿನ ಕೊಫಿದಿಸ್ ಅಂಗಿಯಲ್ಲಿ.